ಎಲ್ಲ ತಪ್ಪನ್ನೂ ಹೆಂಡತಿ ಮೇಲೆ ಹಾಕಬೇಡಿ

ಶೇಕ್ಸ್‌ಪಿಯರ್ ನಾಟಕದ ಮ್ಯಾಕ್‌ಬೆತ್ ಹಾಳಾಗಿದ್ದು ಹೆಂಡತಿ ಮಾತು ಕೇಳಿ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸಾರ್. ಮನೆಗೆ ನೆಂಟನಾಗಿ ಬಂದ ರಾಜ ಡಂಕನ್‌ನನ್ನು ಕೊಲ್ಲಲು ಅವಳು ಹುರಿದುಂಬಿಸಿದ್ದು ನಿಜ. ಆದರೆ ಜೊತೆಯಲ್ಲೇ ಯುದ್ಧ ಮಾಡಿದ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸಿದ್ದು ಯಾರು? ಅವಳಿಗೆ ಬಾಯಿ ಬಿಡದೆ ಇವನೇ ಆಳು ಕಳಿಸಿದ್ದು ಅಲ್ವಾ? ಮಲಗಿದ್ದ ರಾಜ ನಮ್ಮಪ್ಪನ ಹಾಗೆ ಕಂಡ, ಇಲ್ಲದಿದ್ದರೆ ನಾನೇ ಮುಗಿಸುತ್ತಿದ್ದೆ ಅನ್ನುತ್ತಾಳೆ, ಆ ಒಂದು ಮಾತಲ್ಲೇ ಅವಳ ಕರುಳು ಕಾಣುತ್ತದೆ. ಹಾಸನದ ಕಲಾಕ್ಷೇತ್ರದಲ್ಲಿ ಈ ನಾಟಕ ನೋಡಿದಾಗ, ಅವಳು ನಿದ್ದೆಯಲ್ಲೇ ದೀಪ ಹಿಡಿದು ಬಂದು ಕೈಯಲ್ಲಿ ಇಲ್ಲದ ರಕ್ತದ ಕಲೆಯನ್ನು ತಿಕ್ಕಿ ತಿಕ್ಕಿ ತೊಳೆಯುವ ಹೊತ್ತಿಗೆ, ಪಕ್ಕ ಕೂತಿದ್ದ ನನ್ನ ಅಮ್ಮ ಸೆರಗಿಂದ ಕಣ್ಣೊರೆಸಿಕೊಂಡರು. ಡಿವಿಜಿ 1936ರಲ್ಲೇ ಇದನ್ನು ಕನ್ನಡಕ್ಕೆ ತಂದಿದ್ದಾರೆ, ಐದನೇ ಅಂಕ ಇನ್ನೊಮ್ಮೆ ಓದಿ ನೋಡಿ.