ಆಕ್ಷನ್ ಚೆನ್ನಾಗಿದ್ದರೆ ಸಾಕಾ?

ನಮ್ಮಣ್ಣನ ಮಗನಿಗೆ 15 ವರ್ಷ. ಹಾಸನದ ಮೈದಾನಗಳಲ್ಲಿ ಅವನ ವಾರಿಗೆಯ ಹುಡುಗರು ಕ್ರಿಕೆಟ್‌ನಲ್ಲಿ ಅವನ ಬಾಲ್ ಅಂದರೆ ಹೆದರುತ್ತಾರೆ. ಹೋದ ತಿಂಗಳು ಬೆನ್ನು ನೋವು ಅಂತ ಮಲಗಿದ. ಸೊಂಟದ ಹತ್ತಿರ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಕೋಚ್ ಹೇಳಿದ್ದು ಇಷ್ಟೇ: "ಹುಡುಗನ ಬೌಲಿಂಗ್ ಆಕ್ಷನ್ ಚೆನ್ನಾಗಿದೆ ಸಾರ್, ಹೆಂಗಾಯ್ತೋ ಗೊತ್ತಿಲ್ಲ."

ನಾನು ಬೇಸ್‌ಬಾಲ್ ನೋಡುವವನು. ಅಮೆರಿಕದ ರಾತ್ರಿ ಆಟ ನಮಗೆ ಬೆಳಗಿನ ಕಾಫಿ ಹೊತ್ತು. ಕೋಚ್ ಮಾತು ಕೇಳಿ ನನಗೆ ಶಿಕಾಗೊ ಕಬ್ಸ್ ತಂಡದ ಪಿಚರ್, ಅಂದರೆ ನಮ್ಮ ಬೌಲರ್ ಥರ ಬಾಲ್ ಎಸೆಯುವ ಆಟಗಾರ, ಮಾರ್ಕ್ ಪ್ರಯರ್ ನೆನಪಾದರು. ಕುಂದೇ ಇಲ್ಲದ ಆಕ್ಷನ್ ಅಂತ ಹೊಗಳಿಸಿಕೊಂಡವರು. 2003ರಲ್ಲಿ 18 ಪಂದ್ಯ ಗೆದ್ದರು. ಆ ಸೀಸನ್ ಕೊನೆಯಲ್ಲಿ ತಂಡದವರು ಅವರಿಂದ ಪಂದ್ಯಕ್ಕೆ 120, 130 ಬಾಲ್ ಎಸೆಸಿದ್ದರು. 2006ಕ್ಕೆ ಮೇಜರ್ ಲೀಗ್, ಅಂದರೆ ಅಲ್ಲಿನ ಅತಿ ದೊಡ್ಡ ಲೀಗಿನ ಆಟವೇ ಮುಗಿಯಿತು. ಆಗ ಅವರಿಗೆ ಬರೀ 25. ಮಧ್ಯೆ ಬೇರೆ ಪೆಟ್ಟುಗಳೂ ಬಿದ್ದಿದ್ದವು, ನಿಜ. ಆದರೆ ಚೆಂದದ ಆಕ್ಷನ್ ಅವರನ್ನು ಕಾಯಲಿಲ್ಲ.

ಆಕ್ಷನ್ ಮುಖ್ಯವೇ. ಕಾಲು, ಸೊಂಟ, ಭುಜ ಒಂದರ ಹಿಂದೆ ಒಂದು ಹೊತ್ತಿಗೆ ಸರಿಯಾಗಿ ತಿರುಗಿದರೆ ಭಾರ ಹಂಚಿಹೋಗುತ್ತದೆ. ಸ್ವಲ್ಪ ತಪ್ಪಿದರೂ ಪಿಚರ್‌ಗಳಲ್ಲಿ ಮೊಣಕೈ ಒಳಬದಿಯ ಪುಟ್ಟ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಅದನ್ನು ಹೊರಬೇಕು. ನಮ್ಮ ಬೌಲರ್‌ಗಳಲ್ಲಾದರೆ ಬೆನ್ನು ಹೊರುತ್ತದೆ. ಆದರೆ ಮೊದಲ ಓವರಿನಲ್ಲಿ ಕಂಡ ಆಕ್ಷನ್ ಕಾಲು ಸೋತ ಮೇಲೂ ಹಾಗೇ ಇರುತ್ತಾ? ಇರಲ್ಲ. ಅದನ್ನು ಯಾರೂ ನಿಂತು ನೋಡುವುದಿಲ್ಲ.

1974ರಲ್ಲಿ ಪಿಚರ್ ಟಾಮಿ ಜಾನ್ ಅವರ ಮೊಣಕೈಯ ಹರಿದ ಲಿಗಮೆಂಟ್ ಜಾಗಕ್ಕೆ ಡಾಕ್ಟರ್ ಫ್ರಾಂಕ್ ಜೋಬ್ ಇನ್ನೊಂದು ಕೈಯ ನಾರು ಹಾಕಿದರು. ಆಮೇಲೆ ಟಾಮಿ 164 ಪಂದ್ಯ ಗೆದ್ದರು. ಹಾಗಂತ ಎಲ್ಲರಿಗೂ ಅಷ್ಟು ಅದೃಷ್ಟ ಇರುವುದಿಲ್ಲ. ಇನ್ನೊಬ್ಬ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೆ 2019ರ ಕೊನೆಗೆ 7 ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಆಮೇಲೆ ಆಡಿದ್ದು ಬರೀ 8 ಪಂದ್ಯ. ಆಟಗಾರನ ಬೆಲೆ ಇರುವುದು ವೇಗದಲ್ಲಿ ಅಲ್ಲ, ಎಷ್ಟು ದಿನ ಮೈದಾನದಲ್ಲಿ ನಿಲ್ಲುತ್ತಾನೆ ಅನ್ನುವುದರಲ್ಲಿ ಅಂತ ನಾನು ನಂಬಿದ್ದೇನೆ.

ಅಮೆರಿಕದ ಬೇಸ್‌ಬಾಲ್ ಮಾರ್ಗಸೂಚಿಯಲ್ಲಿ 15 ವರ್ಷದವರಿಗೆ ದಿನಕ್ಕೆ 95 ಎಸೆತದ ಮಿತಿ ಹಾಕಿದ್ದಾರೆ. 76 ಮುಟ್ಟಿದರೆ 4 ದಿನ ರೆಸ್ಟ್. ನಮ್ಮ ಹುಡುಗ ಶನಿವಾರ ಸ್ಕೂಲ್ ಮ್ಯಾಚ್, ಭಾನುವಾರ ಟೆನಿಸ್ ಬಾಲ್ ಟೂರ್ನಮೆಂಟ್, ಸೋಮವಾರ ನೆಟ್ಸ್ ಅಂತ ಓಡಿದ್ದ. ಅತ್ತಿಗೆ ಜೊತೆ ಕೂತು ಲೆಕ್ಕ ಹಾಕಿದೆ. 3 ದಿನಕ್ಕೆ 300ರ ಮೇಲೆ ಹೋಯಿತು. ಅತ್ತಿಗೆ ಅತ್ತುಬಿಟ್ಟರು.

"ಚಿಕ್ಕಪ್ಪ, ನೆಟ್ಸಿಗೆ ಹೋಗ್ಲಾ?" ಅಂತ ದಿನಾ ಕೇಳುತ್ತಾನೆ. ಇನ್ನೂ ಇಲ್ಲ. ಹೋಗುವ ದಿನ ಅವನ ಬ್ಯಾಗಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರುತ್ತದೆ. ಬಾಲ್ ಎಣಿಸಿ ಬರೆಯುವ ಕೆಲಸವನ್ನು ಅತ್ತಿಗೆ ತಾವೇ ಒಪ್ಪಿಕೊಂಡಿದ್ದಾರೆ.