ಹತ್ತು ನಿಮಿಷದ ಅಧಿಕಾರ, ಹದಿನಾಲ್ಕು ತಿಂಗಳ ತಲೆನೋವು

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ವಾರ ಯಾರೋ ಪುಣ್ಯಾತ್ಮರು ಗ್ರಾಹಕರ ಅಸಲಿ ಮಾಹಿತಿ ಇರುವ ನಮ್ಮ ಪ್ರೊಡಕ್ಷನ್ ಸರ್ವರ್‌ನಲ್ಲಿ, ಯಾವ ಸಾಲುಗಳನ್ನು ಬದಲಿಸಬೇಕೆಂದು ಹೇಳುವ ‘ವೇರ್’ ಷರತ್ತನ್ನೇ ಬರೆಯದೆ, ಮಾಹಿತಿ ತಿದ್ದುವ ಒಂದು ‘ಅಪ್‌ಡೇಟ್’ ಆದೇಶವನ್ನು ಓಡಿಸಿದರು. ಮೈಸೂರಿನ ಗ್ರಾಹಕರೂ ಹುಬ್ಬಳ್ಳಿಯ ಗ್ರಾಹಕರೂ ಒಂದೇ ಕ್ಷಣದಲ್ಲಿ ಜಯನಗರ 4ನೇ ಬ್ಲಾಕಿನ ಒಂದೇ ಮನೆಗೆ ವಾಸ ಬದಲಿಸಿಬಿಟ್ಟರು. ಬ್ಯಾಕಪ್‌ನಿಂದ ಹಳೆಯ ವಿಳಾಸಗಳನ್ನು ಹೆಕ್ಕಿ ತರಲು ರಾತ್ರಿಯಿಡೀ ಕೂತವನು ನಾನು. ಬೆಳಿಗ್ಗೆ ಸಭೆಯಲ್ಲಿ ಎಲ್ಲರೆದುರು ಉತ್ತರ ಹೇಳಬೇಕಾದವನೂ ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

‘ಇದನ್ನು ಮಾಡಿದ್ದು ಯಾರು?’ ಎಂದು ಕೇಳಿದರು. ಯಾವ ಖಾತೆ ಏನು ಮಾಡಿತೆಂದು ದಾಖಲಾಗುವ ಲಾಗ್ ತೆಗೆದು ತೋರಿಸಿದೆ. ಅದರಲ್ಲಿ ಇದ್ದದ್ದು ಒಂದೇ ಹೆಸರು: ಹದಿನೆಂಟು ಜನ ಪಾಸ್‌ವರ್ಡ್ ಹಂಚಿಕೊಂಡು ಬಳಸುತ್ತಿರುವ ಅಪ್ಲಿಕೇಶನ್ ಖಾತೆಯದು. ಎಲ್ಲರೂ ಹೆಬ್ಬಾಗಿಲಿನಂಥ ಒಂದೇ ಜಂಪ್ ಸರ್ವರ್ ಮೂಲಕ ಒಳಬರುವುದರಿಂದ ಐಪಿ ವಿಳಾಸವೂ ಒಂದೇ. ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನಿರ್ದೇಶನ ಹೊರಡಿಸಿದೆ, ನಾವೂ ಚಾಚೂ ತಪ್ಪದೆ ಉಳಿಸುತ್ತೇವೆ. ಆದರೆ ಹದಿನೆಂಟು ಜನರ ಕೈಬರಹ ಒಂದೇ ಸಹಿಯಲ್ಲಿ ಅಡಗಿರುವಾಗ ಆ ದಾಖಲೆಯನ್ನು ಉಳಿಸಿ ಏನು ಸಾಧಿಸಿದಂತಾಯಿತು?

ಆ ಖಾತೆಗೆ ಸರ್ವರ್‌ನ ಎಲ್ಲ ಡೇಟಾಬೇಸ್‌ಗಳ ಮೇಲೂ ಪೂರ್ಣ ಅಧಿಕಾರ ಕೊಟ್ಟವನು ನಾನೇ, ಒಪ್ಪುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ, ಒಂದು ಶನಿವಾರ ಸಂಜೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಡೆವಲಪರ್‌ಗಳ ಕಡೆಯಿಂದ ಕರೆ ಬಂತು: ‘ಸರ್, ಒಂದ್ ಹತ್ತು ನಿಮಿಷ ಫುಲ್ ಆಕ್ಸೆಸ್ ಕೊಟ್ಬಿಡಿ, ಆಮೇಲೆ ನೀವೇ ತೆಗೆದುಹಾಕಿ.’ ಮ್ಯಾನೇಜರರೂ ಅದೇ ಕರೆಯಲ್ಲಿ ‘ಕೊಡಿ, ಪರವಾಗಿಲ್ಲ’ ಎಂದರು. ಟಿಕೆಟ್ (ದಾಖಲಾದ ಕೋರಿಕೆ) ಇಲ್ಲ, ಇಮೇಲ್ ಇಲ್ಲ, ಬಾಯಿಮಾತು ಮಾತ್ರ. ಸೋಮವಾರ ಅಧಿಕಾರವನ್ನು ಹಿಂಪಡೆಯಲು ಹೋದರೆ, ಆ ಎರಡು ದಿನಗಳಲ್ಲಿ ಬರೆದಿದ್ದ ಕೋಡೆಲ್ಲ ಅದೇ ಅಧಿಕಾರದ ಮೇಲೆ ನಿಂತಿತ್ತು. ತೆಗೆದರೆ ಅಪ್ಲಿಕೇಶನ್ ಬೀಳುತ್ತದೆಂದು ನನ್ನನ್ನು ತಡೆದರು. ಈಗ ಆ ಮ್ಯಾನೇಜರರಿಗೆ ಅಂಥದ್ದೊಂದು ಕರೆಯ ನೆನಪೇ ಇಲ್ಲ.

ಹಿಂಪಡೆಯುವುದೆಂದರೆ ಗುಂಡಿ ಒತ್ತಿದಷ್ಟೇ ಸುಲಭವೆಂದು ಇವರು ತಿಳಿದಿದ್ದಾರೆ. ನಮ್ಮ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯುಎಲ್‌ನಲ್ಲಿ ಸರ್ವರ್ ಮಟ್ಟದ ಅಧಿಕಾರವನ್ನು ಕಿತ್ತುಕೊಂಡರೂ, ಆಗಲೇ ಸಂಪರ್ಕದಲ್ಲಿರುವವರಿಗೆ ಅದು ತಟ್ಟುವುದಿಲ್ಲ; ಅವರು ಹೊರಹೋಗಿ ಮತ್ತೆ ಲಾಗಿನ್ ಆಗುವವರೆಗೂ ಹಳೆಯ ದರ್ಬಾರೇ ನಡೆಯುತ್ತದೆ. ಅಲ್ಲಿ ಖಾತೆಯೆಂದರೆ ಬರೀ ಹೆಸರಲ್ಲ, ಹೆಸರು ಮತ್ತು ಯಾವ ಯಂತ್ರದಿಂದ ಬರುತ್ತಾರೆ ಎಂಬುದು ಸೇರಿದ ಜೋಡಿ. ಕೆಲಸ ಬಿಟ್ಟುಹೋದ ಒಬ್ಬ ಡೆವಲಪರ್‌ನ ಖಾತೆಯನ್ನು ನಾನು ಅಳಿಸಿದ ಮೇಲೂ, ಅದೇ ಹೆಸರಿನಲ್ಲಿ ‘ಯಾವ ಯಂತ್ರದಿಂದಾದರೂ’ ಎಂಬ ಗುರುತಿನ ಇನ್ನೊಂದು ಖಾತೆ ತಿಂಗಳುಗಟ್ಟಲೆ ಜೀವಂತವಾಗಿತ್ತು. ಅದನ್ನು ಮಾಡಿಕೊಂಡಿದ್ದು ಸ್ವತಃ ಆತನೇ, ಯಾರೋ ದಯಪಾಲಿಸಿದ್ದ ಪೂರ್ಣ ಅಧಿಕಾರವನ್ನು ಬಳಸಿ.

ಓದಲಷ್ಟೇ ಬೇಕಾದವರಿಗೆ ಓದುವ ಅಧಿಕಾರವಾದ ‘ಸೆಲೆಕ್ಟ್’ ಸಾಕು ಎಂದರೆ ಅವಮಾನವಾದಂತೆ ಮುಖ ಗಂಟಿಕ್ಕುತ್ತಾರೆ. ತಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಗ್ಯಾಸ್ ಸಿಲಿಂಡರ್ ತರುವ ಹುಡುಗನಿಂದಲೂ ಹೆಸರು, ಫ್ಲ್ಯಾಟ್ ಸಂಖ್ಯೆ ಬರೆಸಿಕೊಳ್ಳಬೇಕೆಂದು ಹಟ ಹಿಡಿಯುವವರೂ ಇವರೇ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಕೊಟ್ಟು, ಕೆಲಸಕ್ಕೆ ತಕ್ಕಂತೆ ‘ರೋಲ್’ಗಳಲ್ಲಿ ಅಧಿಕಾರ ಹಂಚುವ ಸೌಲಭ್ಯ ಮೈಎಸ್‌ಕ್ಯುಎಲ್‌ಗೆ 2018ರ 8.0 ಆವೃತ್ತಿಯಲ್ಲೇ ಬಂದಿದೆ. ಹಂಚಿಕೊಂಡ ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಅಪ್ಲಿಕೇಶನ್‌ಗಳೂ ಒಟ್ಟಿಗೆ ನಿಲ್ಲುತ್ತವೆಂಬ ಭಯಕ್ಕೂ ಮದ್ದಿದೆ: 8.0.14ರಿಂದೀಚೆಗೆ ಹಳೆಯ, ಹೊಸ ಪಾಸ್‌ವರ್ಡ್‌ಗಳೆರಡೂ ಏಕಕಾಲಕ್ಕೆ ನಡೆಯುವಂತೆ ಮಾಡಿ, ಒಂದೊಂದೇ ಅಪ್ಲಿಕೇಶನ್‌ನ ಸಂರಚನೆ ಬದಲಿಸಿ, ಕೊನೆಗೆ ಹಳೆಯದನ್ನು ರದ್ದು ಮಾಡಬಹುದು. ಇದನ್ನು ಮೂರು ಸಭೆಗಳಲ್ಲಿ ವಿವರಿಸಿದ್ದೇನೆ. ವಿಳಾಸಗಳ ಗಲಾಟೆಯಾದ ಮೇಲೆ ನಾಲ್ಕನೆಯ ಸಲವೂ ವಿವರಿಸಿದೆ.

ಅದಕ್ಕೆ ಸಿಕ್ಕ ಫಲವೆಂದರೆ, ಇನ್ನು ಮುಂದೆ ನಾನು ಪ್ರತಿ ಶುಕ್ರವಾರ ಲಾಗ್ ಪರಿಶೀಲಿಸಿ ‘ಅಸಹಜ ಚಟುವಟಿಕೆ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಬೇಕಂತೆ. ಖಾತೆ ಬೇರ್ಪಡಿಸಲು ನಾನು ಹಾಕಿದ ಟಿಕೆಟ್ ಮಾತ್ರ ಈಗಲೂ ‘ಕಡಿಮೆ ಆದ್ಯತೆ’ಯ ಪಟ್ಟಿಯಲ್ಲೇ ಕೂತಿದೆ, ಆ ಹದಿನೆಂಟು ಜನರ ಪಾಸ್‌ವರ್ಡೂ ಬದಲಾಗಿಲ್ಲ.