ಕೋಲು ಡಾಕ್ಟ್ರ ರಜೆ

ಮೊನ್ನೆ ರಾತ್ರಿ ಮಗಳು ‘ಸೆವೆರನ್ಸ್’ ಅನ್ನುವ ಇಂಗ್ಲಿಷ್ ಧಾರಾವಾಹಿಯ ಎರಡನೇ ಸೀಸನ್ ನೋಡೋಣ ಬಾ ಅಂತ ಕರೆದಳು. ಮೊದಲನೆಯದು ಮುಗಿದದ್ದು 2022ರ ಏಪ್ರಿಲ್‌ನಲ್ಲಿ, ಎರಡನೆಯದು ಶುರುವಾದದ್ದು 2025ರ ಜನವರಿಯಲ್ಲಿ. ನಡುವೆ ಹಾಲಿವುಡ್‌ನಲ್ಲಿ ಬರಹಗಾರರ ಮುಷ್ಕರ, ನಟರ ಮುಷ್ಕರ, ಇಲ್ಲಿ ನನ್ನ ಎರಡೂ ಕಣ್ಣಿನ ಪೊರೆ ಆಪರೇಷನ್ನು, ಎಲ್ಲ ಆಗಿಹೋಗಿವೆ. ಕಥೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದು ಒಂದೂ ನೆನಪಿಲ್ಲ. ‘ಇಲ್ಲಿಯವರೆಗೆ’ ಅಂತ ಹಳೆಯ ತುಣುಕುಗಳು ಶುರುವಾದವು, ನಾನು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದೆ. ಅಷ್ಟರಲ್ಲಿ ಇವಳು ಟಕ್ಕಂತ ‘ಸ್ಕಿಪ್’ ಒತ್ತಿದಳು.

“ಅದು ಬೋರು ಅಪ್ಪ.”

ಬೋರಂತೆ! ವರ್ಷಕ್ಕೆ ಇಪ್ಪತ್ತನಾಲ್ಕು ಕಂತು ಹಾಕುತ್ತಿದ್ದವರು ಈಗ ಮೂರು ವರ್ಷಕ್ಕೆ ಹತ್ತು ಕಂತು ಹಾಕುತ್ತಾರೆ, ಅದರ ಮೇಲೆ ನೆನಪು ಮಾಡಿಕೊಳ್ಳಲು ಎರಡು ನಿಮಿಷ ಕೊಡಲಾರರು ನಮ್ಮ ಮನೆಯವರು. ಕಾಯುವುದು ಅಂದರೇನು ಅಂತ ಇವಳಿಗೆ ಒಂದು ಮಾತು ಹೇಳಬೇಕು ಅಂದುಕೊಂಡೆ. ಅದಕ್ಕೆ 2007ರ ಚಳಿಗಾಲಕ್ಕೆ ಹೋಗಬೇಕು. ಅಲ್ಲಿಗೆ ಹೋದರೆ ಅಮ್ಮ ಸಿಗುತ್ತಾಳೆ. ಅಮ್ಮ ಸಿಕ್ಕರೆ ನಾನು ಹೇಳಬೇಕಾದ್ದು ಎಲ್ಲೋ ಹೋಗಿಬಿಡುತ್ತದೆ. ಹೋಗಲಿ.

ಆಗ ನಾವಿದ್ದದ್ದು ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ. ಅಮ್ಮ ಮೈಸೂರಿನ ಒಂಟಿಕೊಪ್ಪಲಿನ ಮನೆಗೆ ಬೀಗ ಹಾಕಿ, ಆರು ತಿಂಗಳಿಗೆ ಅಂತ ಅಕ್ಟೋಬರ್‌ನಲ್ಲಿ ಬಂದಳು. ಚಳಿಗೆ ಹೊರಗೆ ಕಾಲಿಡುವ ಹಾಗಿಲ್ಲ. ಸೋಫಾದ ಮೇಲೆ ಕಾಲು ಮಡಚಿ ಕೂತು, ಮಡಿಲಲ್ಲಿ ಹತ್ತಿ ಇಟ್ಟುಕೊಂಡು, ಒಂದು ಬೆರಳಿಗೆ ಹಾಲು ಮುಟ್ಟಿಸಿಕೊಂಡು ಹೂಬತ್ತಿ ಹೊಸೆಯುತ್ತ ಟಿವಿ ನೋಡುತ್ತಿದ್ದಳು. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ‘ಹೌಸ್’ ಅನ್ನುವ ಧಾರಾವಾಹಿ ಹಿಡಿಸಿಬಿಟ್ಟಿತು. ಆ ಕಥೆಯ ಆಸ್ಪತ್ರೆಯ ಹೆಸರು ಪ್ರಿನ್ಸ್‌ಟನ್-ಪ್ಲೇನ್ಸ್‌ಬರೋ. ಟಿವಿಯಲ್ಲಿ ನಮ್ಮೂರಿನ ಹೆಸರು! ಹ್ಯೂ ಲಾರಿ ಆಡಿದ ಆ ಸಿಡುಕು ವೈದ್ಯ ಅವಳ ಬಾಯಲ್ಲಿ ‘ಕೋಲು ಡಾಕ್ಟ್ರು’ ಆದ. ಪ್ರತಿ ಮಂಗಳವಾರ ರಾತ್ರಿ ಒಂಬತ್ತಕ್ಕೆ ಕೋಲು ಡಾಕ್ಟ್ರು.

“ಇಷ್ಟು ಹತ್ತಿರದಲ್ಲೇ ಇದ್ದರೆ ನನ್ನ ಮಂಡಿ ಒಂದ್ಸಲ ತೋರಿಸಬಾರದೇನೋ?”

ಅಂಥ ಆಸ್ಪತ್ರೆಯೇ ಇಲ್ಲ, ಶೂಟಿಂಗ್ ಎಲ್ಲ ಲಾಸ್ ಏಂಜಲೀಸ್‌ನಲ್ಲಿ, ಮೇಲಿನಿಂದ ತೋರಿಸುವ ಕಟ್ಟಡ ಮಾತ್ರ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ್ದು ಅಂತ ವಿವರಿಸಿದೆ. ನಂಬಲಿಲ್ಲ. ಒಂದು ಶನಿವಾರ ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿಯೇಬಿಟ್ಟೆ. ಒಳಗೆ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕಾಫಿ ಕುಡಿಯುತ್ತಿದ್ದರು. ಅಮ್ಮ ಸ್ವೆಟರ್ ಮೇಲೆ ಸೆರಗು ಹೊದ್ದು ಬಾಗಿಲಲ್ಲೇ ನಿಂತು ಎಲ್ಲರನ್ನೂ ಒಂದು ಸುತ್ತು ನೋಡಿದಳು. “ಒಬ್ಬರಿಗೂ ಏನೂ ಕಾಯಿಲೆ ಇದ್ದ ಹಾಗಿಲ್ಲವಲ್ಲೋ” ಅಂದು ವಾಪಸ್ಸು ಬಂದು ಕಾರಿನಲ್ಲಿ ಕೂತಳು. ಮನೆ ತಲುಪುವವರೆಗೆ ಮಾತಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಕೋಲಿನದು. “ಅವನಿಗೆ ನೋವಿರೋದು ಬಲಗಾಲು ತಾನೆ? ಕೋಲೂ ಬಲಗೈಯಲ್ಲೇ ಹಿಡಿದಿದ್ದಾನಲ್ಲ! ನಮ್ಮ ಮೈಸೂರಿನ ಡಾಕ್ಟ್ರು ನೋವಿಲ್ಲದ ಕಡೆ ಹಿಡಿಯಮ್ಮ ಅಂತ ನನಗೆ ಎಷ್ಟು ಸಲ ಹೇಳಿದ್ದಾರೆ.” ಎದ್ದು ತನ್ನ ಕೋಲು ತಂದು ಹಾಲ್‌ನಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಮೊದಲು ಅವನ ಹಾಗೆ, ಆಮೇಲೆ ಸರಿಯಾಗಿ. ನಾನು ಮೂರು ವರ್ಷದಿಂದ ನೋಡುತ್ತಿದ್ದವನು, ನನಗೆ ಹೊಳೆದಿರಲಿಲ್ಲ. “ಇಷ್ಟು ಗೊತ್ತಿಲ್ಲದೋನು ಊರೋರ ಕಾಯಿಲೆ ಕಂಡುಹಿಡೀತಾನಂತೆ.” ಆದರೂ ನೋಡುವುದು ಬಿಡಲಿಲ್ಲ.

ಅಷ್ಟರಲ್ಲಿ ನವೆಂಬರ್ 5ಕ್ಕೆ ಹಾಲಿವುಡ್‌ನ ಬರಹಗಾರರು ಆಗಲೂ ಮುಷ್ಕರ ಹೂಡಿ ಪೆನ್ನು ಕೆಳಗಿಟ್ಟಿದ್ದರು. ಬರೆದಿಟ್ಟ ಕಂತುಗಳು ಒಂದೊಂದಾಗಿ ಖರ್ಚಾದವು. ಯಾಕೆ ಮುಷ್ಕರ ಅಂತ ಅಮ್ಮ ಕೇಳಿದಾಗ, ಇಂಟರ್‌ನೆಟ್ಟಿನ ಪಾಲಿನ ಜಗಳ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಡಿವಿಡಿ ಲೆಕ್ಕ ಹೇಳಿದೆ. ಒಂದು ಡಿವಿಡಿ ಮಾರಿದರೆ ಬರೆದವನಿಗೆ ಸಿಗುವುದು ಸುಮಾರು ನಾಲ್ಕು ಸೆಂಟು. ಡಾಲರ್‌ಗೆ ಆಗ ನಲವತ್ತರ ಹತ್ತಿರ ರೂಪಾಯಿ. ಅಮ್ಮ ಬೆರಳಲ್ಲೇ ಲೆಕ್ಕ ಹಾಕಿದಳು. “ಒಂದೂವರೆ ರೂಪಾಯಿ. ದೇವಸ್ಥಾನದ ಮುಂದೆ ಇದಕ್ಕೆ ಒಂದು ಕಟ್ಟು ಹೂಬತ್ತಿಯೂ ಬರಲ್ಲ. ಮಾಡಲಿ ಬಿಡು ಮುಷ್ಕರ.” ಅಂದಿನಿಂದ ಅವಳು ಬರಹಗಾರರ ಪಕ್ಷ. ಎಷ್ಟು ಪಕ್ಷ ಅಂದರೆ, ಆ ಖಾಲಿ ಜಾಗಕ್ಕೆ ಜನವರಿಯಲ್ಲಿ ಒಂದು ಕಾರ್ಯಕ್ರಮ ತಂದು ತುಂಬಿದ್ದರು, ಮನುಷ್ಯರನ್ನು ಕೂರಿಸಿ ಹೆಂಡತಿಯ ಎದುರಿಗೇ ಕೇಳಬಾರದ್ದು ಕೇಳಿ ಸುಳ್ಳು ಪತ್ತೆ ಮಾಡುವುದು. ಅದು ಬಂದ ತಕ್ಷಣ ಎದ್ದು ಹೋಗಿ ದೇವರ ಮುಂದೆ ಕೂರುತ್ತಿದ್ದಳು. ನಾನು ಮಾತ್ರ ಕೂತು ಪೂರ್ತಿ ನೋಡುತ್ತಿದ್ದೆ. ಇದನ್ನು ಮಗಳಿಗೆ ಹೇಳಿಲ್ಲ.

ಕೇಬಲ್ಲಿನಲ್ಲಿ ‘ಹೌಸ್’ನ ಹಳೆಯ ಕಂತುಗಳು ಹಿಂದುಮುಂದಾಗಿ ಬರುತ್ತಿದ್ದವು. ಅಮ್ಮನಿಗೆ ಅವೇ ಹೊಸವು. ನಾಲ್ಕನೇ ಸೀಸನ್ನಿನಲ್ಲಿ ಹೊಸ ಸಹಾಯಕರು ಬಂದಿದ್ದರಷ್ಟೆ, ಹಳೆಯವರು ಮತ್ತೆ ಕಂಡಾಗ “ಪಾಪ, ತಪ್ಪಾಯ್ತು ಅಂತ ವಾಪಸ್ ಕರೆಸಿಕೊಂಡಿದ್ದಾನೆ” ಅಂದಳು. ಮಾರನೇ ದಿನ ಹೊಸಬರು ಕಂಡರೆ “ಮತ್ತೆ ಜಗಳ” ಅನ್ನುವಳು. ಬರೆಯುವವರು ರಸ್ತೆಯಲ್ಲಿ ಬೋರ್ಡು ಹಿಡಿದು ಸುತ್ತುತ್ತಿದ್ದಾಗ ನಮ್ಮ ಮನೆಯಲ್ಲಿ ಕಥೆ ಒಂದು ದಿನವೂ ನಿಲ್ಲಲಿಲ್ಲ. ನಾನು ಮೊದಮೊದಲು ತಿದ್ದಿದೆ, ಆಮೇಲೆ ಬಿಟ್ಟೆ.

ಫೆಬ್ರವರಿ 12ಕ್ಕೆ ಮುಷ್ಕರ ಮುಗಿಯಿತು. ನೂರು ದಿನ. ಮುಗಿದ ಕೂಡಲೇ ಕಂತು ಬರುತ್ತದೆಯೇ? ಬರೆಯಬೇಕು, ಶೂಟಿಂಗ್ ಆಗಬೇಕು. ಅಮ್ಮ ಯುಗಾದಿ ಮುಗಿಸಿ ಏಪ್ರಿಲ್‌ನಲ್ಲಿ ಹೊರಟಳು. ಕೋಲು ಡಾಕ್ಟ್ರು ವಾಪಸ್ಸು ಬಂದದ್ದು ಏಪ್ರಿಲ್ 28ಕ್ಕೆ, ಅದೂ ಸೋಮವಾರಕ್ಕೆ ಬದಲಾಗಿ. ಎರಡು ಡಜನ್ ಆಗಬೇಕಿದ್ದ ಸೀಸನ್ನು ಹದಿನಾರಕ್ಕೆ ಮುಗಿಯಿತು.

ಮೇ ಕೊನೆಯಲ್ಲಿ ಕಾಲಿಂಗ್ ಕಾರ್ಡ್ ಉಜ್ಜಿ ನಂಬರ್ ಒತ್ತಿ ಒಂಟಿಕೊಪ್ಪಲಿಗೆ ಫೋನ್ ಮಾಡಿದೆ. ಬಸ್ ಅಪಘಾತ, ಡಾಕ್ಟ್ರಿಗೆ ಮರೆವು, ಆ ಜಗಳಗಂಟಿ ಹುಡುಗಿ ಆಂಬರ್ ಸತ್ತದ್ದು, ಗೆಳೆಯ ವಿಲ್ಸನ್ ಅತ್ತದ್ದು, ಎಲ್ಲ ಹೇಳಿದೆ. ಹೇಳುತ್ತ ನನ್ನ ಗಂಟಲೇ ಕಟ್ಟಿತು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕಾರ್ಡಿನ ದುಡ್ಡು ಮುಗಿಯಿತೇನೋ ಅಂದುಕೊಂಡೆ.

“ಕೋಲು?” ಅಂದಳು ಅಮ್ಮ. “ಈಗಲಾದರೂ ಎಡಗೈಗೆ ಬಂತಾ?”

“ಇಲ್ಲಮ್ಮ, ಬಲಗೈಯಲ್ಲೇ ಇದೆ.”

“ಮತ್ತೆ ನೂರು ದಿನ ಕೂತು ಏನು ಯೋಚನೆ ಮಾಡಿದರಂತೆ?”